ಒಂಬತ್ತು ಸಲ ಸೆಬೆ

ಅಡೊಮಾಕೊ ಬರೆದ ಪ್ರೋಗ್ರಾಂ ಬರೀ ಹನ್ನೆರಡು ಸಾಲಿನದು. ಹನ್ನೆರಡು ಸಾಲಿನಲ್ಲಿ ಒಬ್ಬ ಮನುಷ್ಯ ತನ್ನ ತಲೆಯ ಮೇಲೆ ತಾನೇ ಎಷ್ಟು ದೊಡ್ಡ ಬಂಡೆ ಎಳೆದುಕೊಳ್ಳಬಹುದು ಅಂತ ಯಾರಾದರೂ ಕೇಳಿದರೆ, ಕೊನೊಂಗೊ ಊರಿಗೆ ಬಂದು ಅವನನ್ನೊಮ್ಮೆ ಮಾತಾಡಿಸಿ ಅನ್ನುತ್ತೇನೆ.

ಊರಿನ ಬಸ್ ನಿಲ್ದಾಣದ ಎದುರು ನಾನಾ ಬ್ರೆಂಪೊಂಗ್ ಅವರ ವಿಡಿಯೊ ಸ್ಟುಡಿಯೊ ಇದೆ. ಮದುವೆ, ಚರ್ಚು, ಹಬ್ಬ ಎಲ್ಲವನ್ನೂ ಹಿಡಿಯುತ್ತಾರೆ, ಆದರೆ ಹೊಟ್ಟೆ ತುಂಬಿಸುವುದು ಮಾತ್ರ ಸಾವು. ನಮ್ಮಲ್ಲಿ ಮದುವೆಗೆ ಹೋಗದಿದ್ದರೆ ಹೇಗೋ ಕ್ಷಮಿಸಿಯಾರು, ಹೆಣ ಕಾದಿಟ್ಟು ಶನಿವಾರ ಮಾಡುವ ಸಾವಿನ ಕಾರ್ಯಕ್ಕೆ ಹೋಗದವನನ್ನು ಅವನ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಹಾಗಾಗಿ ಹನ್ನೆರಡು ವರ್ಷಗಳಿಂದ ಊರಲ್ಲಿ ಮಣ್ಣಾದವರೆಲ್ಲ ಸ್ಟುಡಿಯೊದ ಕಂಪ್ಯೂಟರಿನೊಳಗೆ ಇನ್ನೂ ಹೂವಿನ ನಡುವೆ ಮಲಗಿದ್ದಾರೆ. ಆ ಕಂಪ್ಯೂಟರಿನ ಪೆಟ್ಟಿಗೆಯಲ್ಲಿ ನಾಲ್ಕು ಡಿಸ್ಕುಗಳಿವೆ, ಮದುವೆಗೊಂದು, ಚರ್ಚಿಗೊಂದು, ಹಬ್ಬಕ್ಕೊಂದು, ಸಾವಿಗೊಂದು. ನಾಲ್ಕನ್ನೂ ನೋಡಿಕೊಳ್ಳುವವನು ಅಡೊಮಾಕೊ.

ಹೋದ ತಿಂಗಳು ಒಬ್ಬ ಪಾದ್ರಿಯ ತಾಯಿಯ ಸಾವು ಹಿಡಿಯುತ್ತಿದ್ದಾಗ ಸಾವಿನ ಡಿಸ್ಕು ತುಂಬಿ ಕ್ಯಾಮೆರಾ ನಿಂತುಹೋಗಿತ್ತು. ಮುದುಕಿಯ ಪೆಟ್ಟಿಗೆ ಬಾಗಿಲವರೆಗೆ ಬರುತ್ತದೆ, ಅಲ್ಲಿಗೆ ಚಿತ್ರ ಮುಗಿಯುತ್ತದೆ. ಅಮ್ಮ ಇನ್ನೂ ಹೊಸಿಲು ದಾಟಿಲ್ಲ ಅಂತ ಪಾದ್ರಿ ಬಂದು ಕೂಗಾಡಿ ಹೋದ. ಅಡೊಮಾಕೊ ಹಳೆಯದನ್ನೆಲ್ಲ ಹಿಂಡಿ ಕುಗ್ಗಿಸಿ ಹೇಗೋ ಸ್ವಲ್ಪ ಜಾಗ ಬಿಡಿಸಿದ. ಅವತ್ತು ಯಜಮಾನರು ಒಂದೇ ಮಾತು ಹೇಳಿಸಿದರು. ಇನ್ನೊಮ್ಮೆ ಡಿಸ್ಕು ತುಂಬುವ ಹಾಗಿದ್ದರೆ ಮೊದಲೇ ನನಗೆ ತಿಳಿಯಬೇಕು, ತಿಳಿಯದೆ ತುಂಬಿದರೆ ಅಡೊಮಾಕೊ ಬೇರೆ ಕೆಲಸ ನೋಡಿಕೊಳ್ಳಲಿ. ಹೇಳಿಸಿದರು ಅಂದೆ. ಅವರು ಸ್ಟುಡಿಯೊದ ಯಜಮಾನರಷ್ಟೇ ಅಲ್ಲ, ಊರಿನ ಅರ್ಧ ಭಾಗದ ನಾಯಕರು ಕೂಡ, ನಾನಾ ಅಂತ ಮರ್ಯಾದೆಯಿಂದ ಕರೆಯುವುದು ಅದಕ್ಕೇ. ನಾಯಕರು ಯಾರೊಂದಿಗೂ ನೇರವಾಗಿ ಮಾತಾಡುವುದಿಲ್ಲ, ಯಾರೂ ಅವರೊಂದಿಗೆ ನೇರವಾಗಿ ಮಾತಾಡುವುದಿಲ್ಲ. ನಡುವೆ ಕೋಲು ಹಿಡಿದು ಮಾತಿನ ಹಿರಿಯ ಒಪಾನಿನ್ ದ್ವೊಮೊ ಕೂತಿರುತ್ತಾರೆ. ಈ ಕಡೆಯ ಮಾತಿಗೆ ಬೆಲ್ಲ ಸವರಿ ಆ ಕಡೆ, ಆ ಕಡೆಯದಕ್ಕೆ ಬೆಲ್ಲ ಸವರಿ ಈ ಕಡೆ ದಾಟಿಸುವುದು ಅವರ ಕಸುಬು.

ಅದಕ್ಕೇ ಅಡೊಮಾಕೊ ಆ ಪ್ರೋಗ್ರಾಂ ಬರೆದದ್ದು. ದಿನಾ ಬೆಳಿಗ್ಗೆ ನಾಲ್ಕೂ ಡಿಸ್ಕುಗಳ ಬಾಗಿಲು ತಟ್ಟಿ, ನೀನೆಷ್ಟು ತುಂಬಿದ್ದೀಯ, ನಿನ್ನಲ್ಲೆಷ್ಟು ಜಾಗ ಉಳಿದಿದೆ ಅಂತ ವಿಚಾರಿಸಿ ಒಂದು ಹಾಳೆಯಲ್ಲಿ ಬರೆದುಕೊಡುವುದು ಅದರ ಕೆಲಸ. ಶುಕ್ರವಾರ ಬೆಳಿಗ್ಗೆ ಮೊದಲ ಸಲ ಓಡಿಸಿದ. ಮದುವೆ ನೂರಕ್ಕೆ ನಲವತ್ತೊಂದು, ಚರ್ಚು ಇಪ್ಪತ್ಮೂರು, ಹಬ್ಬ ಅರವತ್ತು, ಸಾವು ತೊಂಬತ್ತೊಂಬತ್ತು.

ಮರುದಿನ ಗೆಣಸಿನ ಸಂತೆಯ ರಾಣಿಯ ಸಾವಿನ ಕಾರ್ಯ. ನಲವತ್ತು ವರ್ಷ ಸಂತೆಯ ಗೆಣಸಿಗೆಲ್ಲ ಬೆಲೆ ಕಟ್ಟಿದ ಹೆಂಗಸು, ಹನ್ನೊಂದು ಮಕ್ಕಳ ತಾಯಿ. ಮೂರು ಕ್ಯಾಮೆರಾ, ಬೆಳಗಿನಿಂದ ಸಂಜೆಯವರೆಗೆ. ಉಳಿದ ಒಂದು ಪಾಲಿನಲ್ಲಿ ಹನ್ನೊಂದು ಮಕ್ಕಳು ಸಾಲಾಗಿ ಬಂದು ಅಳುವುದೂ ಹಿಡಿಸುವುದಿಲ್ಲ. ಮದುವೆ, ಚರ್ಚಿನ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಇತ್ತು ನಿಜ. ಆದರೆ ಮದುಮಗಳ ಪಕ್ಕದಲ್ಲಾಗಲಿ ದೇವರ ಪಕ್ಕದಲ್ಲಾಗಲಿ ಹೆಣ ಮಲಗಿಸಬಾರದು ಅಂತ ಯಜಮಾನರ ಕಟ್ಟಪ್ಪಣೆ. ಹೊಸ ಡಿಸ್ಕೇ ಬೇಕು, ಅದು ದೊಡ್ಡ ಪಟ್ಟಣ ಕುಮಾಸಿಯಿಂದಲೇ ಬರಬೇಕು, ಯಜಮಾನರು ಹಿಂದಿನ ದಿನದ ಜಾಗರಣೆಗೆಂದು ಮೂರು ಗಂಟೆಗೆ ಸಾವಿನ ಮನೆಗೆ ಹೊರಡುವುದರೊಳಗೆ ಹೂಂ ಅನ್ನಬೇಕು. ಅಡೊಮಾಕೊ ಹಾಳೆ ಹಿಡಿದು ಯಜಮಾನರ ಕೋಣೆಯತ್ತ ಓಡಿದ.

ಬಾಗಿಲಲ್ಲಿ ಆಂಟಿ ಸೆರ್ವಾ ಅಡ್ಡ ಕೂತಿದ್ದಳು. ಸ್ಟುಡಿಯೊದ ಬೀಗದ ಕೈಗಳೆಲ್ಲ ಅವಳ ಸೊಂಟದಲ್ಲಿ, ಊರಿನ ಸುದ್ದಿಗಳೆಲ್ಲ ಅವಳ ನಾಲಗೆಯಲ್ಲಿ. ಎಲೆಯಲ್ಲಿ ಕಟ್ಟಿದ ಅನ್ನ ಅಲಸಂದೆಯ ವಾಚೆ ತಿನ್ನುತ್ತಿದ್ದವಳು ಎಡಗೈಯಿಂದಲೇ ಅವನನ್ನು ತಡೆದು, ಬಲಗೈ ಒರೆಸಿಕೊಂಡು ಹಾಳೆ ಕಸಿದುಕೊಂಡಳು.

"ಇದನ್ನ ಹೀಗೇ ಕೊಡ್ತೀಯೇನೋ? ಎಪ್ಪತ್ತೆಂಟು ವರ್ಷದ ಮುದುಕರ ಮುಂದೆ 'ಸಾವು, ತೊಂಬತ್ತೊಂಬತ್ತು' ಅಂತ ಬರ್ದು ಹಿಡೀತೀಯಲ್ಲ, ನಿಂಗೆ ಅಮ್ಮ ಅನ್ನೋಳು ಏನೂ ಹೇಳ್ಕೊಟ್ಟಿಲ್ವಾ?"

ಅಡೊಮಾಕೊ ಇದು ಡಿಸ್ಕಿನ ಲೆಕ್ಕ, ವಯಸ್ಸಿನದಲ್ಲ ಅಂದ. ಲೆಕ್ಕ ಯಾವುದಾದರೇನು, ಕೆಟ್ಟ ಸುದ್ದಿಗೆ ಮೊದಲು ಸೆಬೆ ಅನ್ನಬೇಡವೇ ಅಂತ ಅವಳು ಕೇಳಿದಳು. ಮಾತು ಸರಿಯೇ. ಅಪ್ಪಣೆಯಾಗಲಿ, ಹೊಟ್ಟೆಗೆ ಹಾಕಿಕೊಳ್ಳಿ ಅನ್ನುವುದಕ್ಕೆಲ್ಲ ನಮ್ಮಲ್ಲಿ ಸೆಬೆ ಅನ್ನುವ ಒಂದೇ ಮಾತು. ಹೇಲು ಅನ್ನುವ ಮೊದಲೂ ಸೆಬೆ, ಸಾವು ಅನ್ನುವ ಮೊದಲೂ ಸೆಬೆ. ಕಂಪ್ಯೂಟರು ಆಡಿದ ಮಾತಾದರೇನು, ಹುಟ್ಟಿದ್ದು ಕೊನೊಂಗೊದಲ್ಲಿ ತಾನೇ.

"ಎಷ್ಟು ಸಲ ಸೆಬೆ ಅನ್ಲಿ ಆಂಟಿ?"

"ಸುದ್ದಿ ಎಷ್ಟು ಕೆಟ್ಟದೋ ಅಷ್ಟು ಸಲ. ಅದನ್ನೂ ನಾನೇ ಹೇಳ್ಕೊಡ್ಬೇಕಾ?"

ಬೇರೆ ಯಾರಾದರೂ ಆಗಿದ್ದರೆ ಒಂದೋ ಎರಡೋ ಸೇರಿಸಿ ಮುಗಿಸುತ್ತಿದ್ದರು. ಅಡೊಮಾಕೊ ಪ್ರೋಗ್ರಾಂ ಬರೆಯುವ ಜಾತಿ, ಅವನಿಗೆ ಎಲ್ಲದಕ್ಕೂ ಒಂದು ನಿಯಮ ಬೇಕು. ವಾಪಸು ಹೋಗಿ ಹದಿಮೂರನೇ ಸಾಲು ಬರೆದ. ಡಿಸ್ಕು ತೊಂಬತ್ತು ದಾಟಿದ್ದರೆ, ದಾಟಿದ ಒಂದೊಂದು ಪಾಲಿಗೂ ಒಂದೊಂದು ಸೆಬೆ. ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ಅಷ್ಟರಲ್ಲಿ ಪಕ್ಕದ ಕುರ್ಚಿಯ ಟಾಚಿ ಕುತ್ತಿಗೆ ಉದ್ದ ಮಾಡಿದ. ಹಿಡಿದದ್ದನ್ನು ಕತ್ತರಿಸಿ ಜೋಡಿಸುವುದು ಅವನ ಕೆಲಸ, ಫುಟ್‌ಬಾಲು ಅವನ ಧರ್ಮ. ನಾಲ್ಕು ವರ್ಷಗಳ ಪಂದ್ಯಗಳನ್ನೆಲ್ಲ ಅವನು ಯಾರೂ ಹುಡುಕದ ಜಾಗ ಅಂತ ಸಾವಿನ ಡಿಸ್ಕಿನಲ್ಲೇ ಬಚ್ಚಿಟ್ಟಿದ್ದ. ಡಿಸ್ಕು ಇಷ್ಟು ಬೇಗ ತುಂಬಲು ಊರವರು ಸತ್ತದ್ದೊಂದೇ ಕಾರಣವಲ್ಲ.

"ನಿನ್ನ ಪ್ರೋಗ್ರಾಂ ಯಾರು ತುಂಬ್ಸಿದ್ದು ಅಂತಾನೂ ಹೇಳುತ್ತಾ?" ಅಂತ ಟಾಚಿ ಮೆಲ್ಲಗೆ ಕೇಳಿದ.

"ಇವತ್ತಿಲ್ಲ. ಸೋಮವಾರ ಸೇರಿಸ್ತೀನಿ, ಎರಡೇ ಸಾಲು," ಅಂದ ಅಡೊಮಾಕೊ. ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ. ಟಾಚಿ ಒಳ್ಳೆಯದು, ಒಳ್ಳೆಯದು ಅಂದು ಹಣೆ ಒರೆಸಿಕೊಂಡ.

ಹೊಸ ಹಾಳೆ ಈಗ ಒಪಾನಿನ್ ದ್ವೊಮೊ ಕೈಗೆ ಹೋಯಿತು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಒಪಾನಿನ್ ಎಷ್ಟು ಮಾತು ಬಲ್ಲರೆಂದರೆ ಅವರು ಬಾಯಿ ತೆರೆದರೆ ಜಗಳ ಮಾಡಲು ಬಂದವರು ನಿದ್ದೆ ಹೋಗುತ್ತಿದ್ದರು. ಅವರು ಕನ್ನಡಕ ಏರಿಸಿ ಹಾಳೆಯನ್ನು ಮೂರು ಸಲ ಓದಿದರು. ಸೆಬೆಗಳನ್ನು ಬಹಳ ಮೆಚ್ಚಿದರು. ಈ ಕಾಲದ ಹುಡುಗರಲ್ಲಿ ಇಷ್ಟು ವಿನಯ ಕಂಡಿರಲಿಲ್ಲ ಅಂದರು. ಆದರೆ ಈ ಅಂಕಿಗಳು ಬೇಡ. ನಾಯಕರ ಮುಂದೆ ಅವರ ಸ್ವತ್ತನ್ನು ಎಣಿಸಿ ತೋರಿಸುವುದೆಂದರೆ ಅವರ ಮನೆಯ ಮಕ್ಕಳನ್ನು ಎಣಿಸಿದ ಹಾಗೆ. ತುಂಬಿದೆ ಅನ್ನುವುದೂ ಬೇಡ, ಸಾಕಾಗುವುದಿಲ್ಲ ಅಂತ ನಾಯಕರಿಗೆ ಹೇಳುವುದು ಭಿಕ್ಷೆ ಬೇಡಿದ ಹಾಗೆ.

"ಹಾಗಾದ್ರೆ ಉಳಿಯೋದೇನು?" ಅಂತ ಅಡೊಮಾಕೊ ಕೇಳಿದ.

"ಸೆಬೆ ಉಳಿಯುತ್ತೆ, ಡಿಸ್ಕಿನ ಹೆಸರು ಉಳಿಯುತ್ತೆ. ದೊಡ್ಡವರಿಗೆ ಬಿಡಿಸಿ ಹೇಳ್ಬಾರ್ದು ಮಗು. ಬಿಡಿಸಿ ಹೇಳೋದು ಮೂರ್ಖರಿಗೆ."

ಅಡೊಮಾಕೊ ವಾದಿಸಿ ನೋಡಿದ. ಅಂಕಿ ತೆಗೆದರೆ ಅದು ವರದಿ ಹೇಗಾಗುತ್ತದೆ, ಪ್ರಾರ್ಥನೆಯಾಗುತ್ತದೆ ಅಂದ. ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಹೊಸ ಡಿಸ್ಕು ಬರದಿದ್ದರೆ ನಾಳೆ ಗೆಣಸಿನ ರಾಣಿಯೂ ಬಾಗಿಲಲ್ಲೇ ನಿಲ್ಲುತ್ತಾಳೆ, ನಾಡಿದ್ದು ತಾನು ಬೀದಿಯಲ್ಲಿ ನಿಲ್ಲಬೇಕು. ಒಪಾನಿನ್ ಹತ್ತಿರ ಜಗಳವಾಡಿದರೆ ಇನ್ನೊಂದು ಗಂಟೆ ಹೋಗುತ್ತದೆ. ಅಂಕಿಗಳನ್ನು ತೆಗೆದುಹಾಕಿದ.

ಹನ್ನೊಂದಕ್ಕೆ ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋದರು. ಯಜಮಾನರು ಸಾವಿನ ಮನೆಗೆಂದು ಆಗಲೇ ಕಪ್ಪು ಬಟ್ಟೆ ಹೊದ್ದು ದೊಡ್ಡ ಕುರ್ಚಿಯಲ್ಲಿ ಕೂತಿದ್ದರು. ಒಪಾನಿನ್ ಕೋಲು ನೆಟ್ಟಗೆ ಹಿಡಿದು ಗಂಟಲು ಸರಿಮಾಡಿಕೊಂಡರು. ನಾನಾ ಅವರ ಮದುವೆಯ ಡಿಸ್ಕು ನಗುನಗುತ್ತಾ ಇದೆ ಅಂದರು. ಚರ್ಚಿನ ಡಿಸ್ಕಿನಲ್ಲಿ ದೇವರು ಕಾಲು ಚಾಚಿ ಮಲಗುವಷ್ಟು ಜಾಗವಿದೆ ಅಂದರು. ಹಬ್ಬದ ಡಿಸ್ಕು ಇನ್ನೂ ಎಷ್ಟೋ ಹಬ್ಬ ಕಾಣಲಿದೆ ಅಂದರು. ಆಮೇಲೆ ದನಿ ಇಳಿಸಿ, ಒಂದೊಂದಕ್ಕೂ ಉಸಿರು ತೆಗೆದುಕೊಂಡು, ಹಾಳೆಯಲ್ಲಿದ್ದ ಹಾಗೇ ಓದಿದರು.

"ಸೆಬೆ, ಸೆಬೆ, ಸೆಬೆ. ಸೆಬೆ, ಸೆಬೆ, ಸೆಬೆ. ಸೆಬೆ, ಸೆಬೆ, ಸೆಬೆ. ಸಾವಿನ ಡಿಸ್ಕು."

ಯಜಮಾನರ ಬೀಸಣಿಗೆ ನಿಂತಿತು. ಅವರು ಎರಡೂ ಕಾಲುಗಳನ್ನು ಚಪ್ಪಲಿಯಿಂದ ಮೆಲ್ಲಗೆ ಹೊರತೆಗೆದು ನೆಲದ ಮೇಲಿಟ್ಟರು. ನಮ್ಮಲ್ಲಿ ನಾಯಕರ ಬರಿಗಾಲು ನೆಲ ಮುಟ್ಟುವುದು ದೊಡ್ಡ ದುಃಖದಲ್ಲಿ ಮಾತ್ರ. ಸೆರ್ವಾ ಥಟ್ಟನೆ ತಲೆ ತಗ್ಗಿಸಿದಳು.

ಕೇಳಿಸಿತು ಅನ್ನಿ ಅಂದರು ಯಜಮಾನರು. ಕೇಳಿಸಿತಂತೆ ಅಂದರು ಒಪಾನಿನ್. ಸೆರ್ವಾ ಮತ್ತು ಅಡೊಮಾಕೊ ಈಗಿಂದೀಗಲೇ ಕುಮಾಸಿಗೆ ಹೋಗಿ ಅಂಗಡಿಯಲ್ಲಿರುವ ಎಲ್ಲಕ್ಕಿಂತ ದೊಡ್ಡ ಡಿಸ್ಕು ತರಲಿ, ಟಾಚಿ ಮಾತ್ರ ಇಲ್ಲೇ ಇರಲಿ ಅಂತ ಅಪ್ಪಣೆಯಾಯಿತು. ಯಾಕೆ, ಎಷ್ಟು ಅಂತ ಒಂದು ಪ್ರಶ್ನೆಯೂ ಇಲ್ಲ. ಅಡೊಮಾಕೊ ಕುಣಿಯುವುದೊಂದು ಬಾಕಿ.

ಕುಮಾಸಿಯ ದಾರಿಯುದ್ದಕ್ಕೂ ವ್ಯಾನಿನಲ್ಲಿ ಸೆರ್ವಾ ಒಂದೇ ರಾಗ ಹಾಡಿದಳು. ನಾನು ತಡೆಯದಿದ್ದರೆ ನೀನು ಆ ಬೋಳು ಅಂಕಿ ಹಿಡಿದುಕೊಂಡು ಹೋಗಿ ಬೈಸಿಕೊಂಡು ಬರುತ್ತಿದ್ದೆ ಅಂದಳು. ಅಡೊಮಾಕೊ ಒಪ್ಪಿಕೊಂಡ. ಅವನಿಗೆ ಯಜಮಾನರ ಮೇಲೆ ಹಿಂದೆಂದೂ ಇಲ್ಲದ ಗೌರವ ಉಕ್ಕಿತ್ತು. ಬರೀ ಒಂದು ಹೆಸರು ಕೇಳಿ ನೂರಕ್ಕೆ ತೊಂಬತ್ತೊಂಬತ್ತು ಅಂತ ತಿಳಿದುಕೊಳ್ಳಬೇಕಾದರೆ ಎಂಥ ತಲೆ ಇರಬೇಕು. ಡಿಸ್ಕು ಕೊಂಡರು, ಬಿಸಿಬಿಸಿ ಫುಫು ಮುದ್ದೆ ತಿಂದರು, ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಬೆವರಿದರು. ಕೊನೊಂಗೊದಲ್ಲಿ ಇಳಿದಾಗ ಐದು ಗಂಟೆ, ಬೆಟ್ಟದ ಕಡೆಯಿಂದ ಮೋಡ ಕಪ್ಪಾಗಿ ಬರುತ್ತಿತ್ತು. ಸೆರ್ವಾ ಬಟ್ಟೆ ಬದಲಾಯಿಸಿ ಸಾವಿನ ಮನೆಗೆ ಹೋಗುತ್ತೇನೆಂದು ಅಲ್ಲಿಂದಲೇ ಮನೆಗೆ ನಡೆದಳು.

ಸ್ಟುಡಿಯೊದಲ್ಲಿ ಟಾಚಿ ಒಬ್ಬನೇ ಕಪ್ಪು ಅಂಗಿ ಹಾಕಿಕೊಂಡು ಕೂತಿದ್ದ. ಕಂಪ್ಯೂಟರಿನ ಪೆಟ್ಟಿಗೆ ತೆರೆದಿತ್ತು. ಮೂರು ಡಿಸ್ಕುಗಳಿದ್ದವು. ನಾಲ್ಕನೆಯದರ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿಯಿತ್ತು.

"ಸಾವಿನ ಡಿಸ್ಕೆಲ್ಲೋ?"

"ಮಣ್ಣು ಮಾಡಿದ್ವಿ," ಅಂದ ಟಾಚಿ. "ಮಧ್ಯಾಹ್ನ ಎರಡು ಗಂಟೆಗೆ. ಹಿತ್ತಲ ಬೇವಿನ ಮರದ ಕೆಳಗೆ."

ಅಡೊಮಾಕೊ ನಗಬೇಕೋ ಅಳಬೇಕೋ ತಿಳಿಯದೆ ಹೊಸ ಡಿಸ್ಕನ್ನು ಎದೆಗೊತ್ತಿಕೊಂಡು ನಿಂತ. ಟಾಚಿ ನಡೆದದ್ದನ್ನು ಹೇಳಿದ. ಇವರಿಬ್ಬರೂ ಹೊರಟ ಮೇಲೆ ಯಜಮಾನರು ಕಣ್ಣೊರೆಸಿಕೊಂಡರಂತೆ. ಹಿಂದಿನ ದೊಡ್ಡ ನಾಯಕರು ತೀರಿಕೊಂಡ ಸುದ್ದಿ ತಂದವರು ಮೂರು ಸಲ ಸೆಬೆ ಅಂದಿದ್ದರು, ಇವತ್ತು ಒಂಬತ್ತು ಸಲ ಕೇಳಬೇಕಾಯಿತು ಅಂದರಂತೆ. ಡಿಸ್ಕಿನ ಹೆಸರಾದ ಮೇಲೆ ಒಪಾನಿನ್ ಏನೂ ಹೇಳದೆ ನಿಲ್ಲಿಸಿದರಲ್ಲ, ಅಲ್ಲೇ ಗೊತ್ತಾಯಿತು, ಡಿಸ್ಕು ಹೋಗಿಬಿಟ್ಟಿದೆ ಅಂತ. ನಮ್ಮಮ್ಮ ಅದರೊಳಗಿದ್ದಾಳೆ, ಊರಿನ ಹನ್ನೆರಡು ವರ್ಷದ ಹಿರಿಯರೆಲ್ಲ ಅದರೊಳಗಿದ್ದಾರೆ, ಅದನ್ನು ಗುಜರಿಯವನಿಗೆ ಕೊಡುವುದುಂಟೆ ಅಂದರಂತೆ. ಬಿಳಿ ಬಟ್ಟೆ ಸುತ್ತಿಸಿ, ಒಂದು ಮರದ ಪೆಟ್ಟಿಗೆಯಲ್ಲಿಟ್ಟು, ಒಪಾನಿನ್ ಕೈಯಿಂದ ನೆಲಕ್ಕೆ ಸಾರಾಯಿ ಎರೆಸಿ, ಮೊದಲ ಹಿಡಿ ಮಣ್ಣು ಯಜಮಾನರೇ ಹಾಕಿದರಂತೆ.

"ಅದು ಸತ್ತಿಲ್ಲ ಅಂತ ನಿಂಗೆ ಗೊತ್ತಿತ್ತಲ್ಲೋ. ನಿನ್ನ ಪಕ್ಕದಲ್ಲೇ ಕೂತು ಬರ್ದೆ ನಾನು."

"ನಾಯಕರು ಅಳ್ತಾ ಇರುವಾಗ ಎದುರು ಮಾತಾಡೋಕಾಗುತ್ತೇನೋ, ಒಪಾನಿನ್ನೇ ಹೂಂಗುಟ್ಟಿದ್ರು," ಅಂದ ಟಾಚಿ, ಬೇರೆ ಕಡೆ ನೋಡುತ್ತ. ಸೋಮವಾರದ ಎರಡು ಸಾಲಿನ ಚಿಂತೆ ಅವನ ಮುಖದಿಂದ ಪೂರ್ತಿ ಮಾಯವಾಗಿತ್ತು.

ಅಡೊಮಾಕೊ ಹಿತ್ತಲಿಗೆ ಓಡಿ ಬೇವಿನ ಮರದ ಬುಡದಲ್ಲಿ ಬರಿಗೈಯಿಂದ ಮಣ್ಣು ಕೆದಕತೊಡಗಿದ. ಬೇರೆ ಪ್ರತಿ ಎಲ್ಲೂ ಇರಲಿಲ್ಲ. ಪ್ರತಿ ಇಡಲು ಜಾಗ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಮಳೆ ಬರುವುದರೊಳಗೆ ತೆಗೆದರೆ ಎಲ್ಲರೂ ಉಳಿಯುತ್ತಾರೆ, ನೀರಿಳಿದರೆ ಹನ್ನೆರಡು ವರ್ಷಗಳ ಸತ್ತವರೆಲ್ಲ ಇನ್ನೊಮ್ಮೆ ಸತ್ತ ಹಾಗೆ. ಒಂದು ಗೇಣು ಅಗೆಯುವಷ್ಟರಲ್ಲಿ ಟಾಚಿ ನಿಲ್ದಾಣದ ನಾಲ್ವರು ಡ್ರೈವರುಗಳನ್ನು ಕರೆತಂದ. ಅವರು ಅಡೊಮಾಕೊನನ್ನು ರಟ್ಟೆ ಹಿಡಿದು ಎಬ್ಬಿಸಿದರು. ನಾಯಕರು ಮುಚ್ಚಿದ ಮಣ್ಣನ್ನು ನಾಯಕರ ಬಾಯಿಂದ ಅಪ್ಪಣೆಯಿಲ್ಲದೆ ಯಾರೂ ತೆಗೆಯುವ ಹಾಗಿಲ್ಲ, ತೆಗೆದರೆ ತಪ್ಪುಕಾಣಿಕೆಯಾಗಿ ಕುರಿ ಕಡಿಯಬೇಕು ಅಂದರು.

ಸರಿ, ಅಪ್ಪಣೆ ತರುತ್ತೇನೆ ಅಂತ ಅಡೊಮಾಕೊ ಸಾವಿನ ಮನೆಗೆ ಓಡಿದ. ಓಡುತ್ತಾ ಒಂದು ತೀರ್ಮಾನ ಮಾಡಿದ. ಇನ್ನು ಒಪಾನಿನ್ ಬೇಡ, ಸೆಬೆ ಬೇಡ, ಬೆಲ್ಲ ಬೇಡ. ಇದ್ದದ್ದು ಇದ್ದ ಹಾಗೆ, ಅಂಕಿ ಸಮೇತ.

ಗೆಣಸಿನ ರಾಣಿಯ ಮನೆ ಮುಂದೆ ಶಾಮಿಯಾನ ಹಾಕಿದ್ದರು. ಕೆಂಪು ಕಪ್ಪು ಬಟ್ಟೆಯ ಮುನ್ನೂರು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ನಡುವೆ ಯಜಮಾನರು, ಪಕ್ಕದಲ್ಲಿ ಒಪಾನಿನ್. ಆಗಷ್ಟೇ ಬಂದು ಸೆರ್ವಾ ಹಿಂದೆ ಕೂತಿದ್ದಳು. ಅಡೊಮಾಕೊ ಚಪ್ಪಲಿಯನ್ನೂ ಬಿಡದೆ ನೇರ ಯಜಮಾನರ ಮುಂದೆ ಹೋಗಿ ನಿಂತ. ಕೈಯೆಲ್ಲ ಮಣ್ಣು, ಧೂಳಿಗೆ ಕಣ್ಣು ಕೆಂಡದಂತೆ ಕೆಂಪಾಗಿತ್ತು.

"ನಾನಾ, ಡಿಸ್ಕು ಸತ್ತಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ಪಾಲು ತುಂಬಿತ್ತು, ಅಷ್ಟೆ. ನೀವು ಹೂಳಿದ್ದು ಚೆನ್ನಾಗಿರೋ ಡಿಸ್ಕು. ಈಗ್ಲೇ ತೆಗೆಸ್ಬೇಕು."

ಮಾತು ದಾಟಿಸಬೇಕಾದ ಒಪಾನಿನ್ ದ್ವೊಮೊ ತಮ್ಮ ಜೀವಮಾನದಲ್ಲೇ ಮೊದಲ ಸಲ ಬಾಯಿ ಕಟ್ಟಿ ಕೂತರು. ಆಗ ರಾಣಿಯ ಹಿರಿಯ ಮಗಳು ಮೂಗೊರೆಸಿಕೊಂಡು, ನಾವೂ ಬೆಳಿಗ್ಗೆಯಿಂದ ಇದನ್ನೇ ಹೇಳುತ್ತಿದ್ದೇವಪ್ಪ, ನಮ್ಮಮ್ಮ ಸತ್ತಿಲ್ಲ ಅಂತ, ಯಾರು ಕೇಳುತ್ತಾರೆ ಅಂದು ಮತ್ತೆ ಅಳತೊಡಗಿದಳು. ಅವಳ ಹಿಂದೆ ಉಳಿದ ಹತ್ತು ಮಕ್ಕಳೂ ಅಳಲು ಶುರುಮಾಡಿದರು.

ಯಜಮಾನರು ಎದ್ದು ನಿಂತರು. ಒಪಾನಿನ್ ಕಡೆ ನೋಡದೆ, ಅಷ್ಟೂ ಜನರೆದುರು, ಅಡೊಮಾಕೊನ ಮಣ್ಣಾದ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ತಾವೇ ಮಾತಾಡಿದರು.

"ಕೂತ್ಕೊ ಮಗು. ನಮ್ಮಮ್ಮನ್ನ ಮಣ್ಣಿಗಿಟ್ಟ ದಿನ ನಾನೂ ಹೀಗೇ ಓಡಿದ್ದೆ. ಉಸಿರಾಡ್ತಿದಾಳೆ, ತೆಗೀರಿ ತೆಗೀರಿ ಅಂತ ಕೂಗಾಡಿದ್ದೆ. ಹತ್ತು ಬೆರಳಿಂದ್ಲೂ ಅಗ್ದಿದ್ದೆ. ಹಚ್ಕೊಂಡವರಿಗೆ ಹಾಗೇ ಕಾಣೋದು."

"ಅಯ್ಯೋ ನಾನಾ, ಇದು ಹಾಗಲ್ಲ. ಆಂಟಿ, ನೀವಾದ್ರೂ ಹೇಳಿ."

ಮುನ್ನೂರು ಜನ ಸೆರ್ವಾಳ ಕಡೆ ತಿರುಗಿದರು. ಡಿಸ್ಕು ಸತ್ತಿಲ್ಲ, ಬರೀ ತುಂಬಿತ್ತು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಯಕರೊಬ್ಬರು ಚೆನ್ನಾಗಿದ್ದದ್ದನ್ನು ಹೂತು, ಸಾರಾಯಿ ಎರೆದು, ಕಣ್ಣೀರು ಹಾಕಿದರು ಅಂತ ಸಂತೆಯ ಜನವೆಲ್ಲ ಸೇರಿದ ಕಡೆ ಹೇಳಿದರೆ ಏನಾಗುತ್ತದೆ ಅನ್ನುವುದೂ ಗೊತ್ತಿತ್ತು. ಅವಳು ಒಂದು ಗಳಿಗೆ ಅಡೊಮಾಕೊನ ಮುಖ ನೋಡಿ, ಸೆರಗಿನ ತುದಿ ಕಣ್ಣಿಗೊತ್ತಿಕೊಂಡಳು.

"ತುಂಬಾ ಹಚ್ಕೊಂಡಿದ್ದ ನಾನಾ. ದಿನಾ ಬೆಳಿಗ್ಗೆ ಅದನ್ನ ಮಾತಾಡಿಸದೆ ನೀರೂ ಕುಡೀತಿರ್ಲಿಲ್ಲ."

ಅಡೊಮಾಕೊ ಕೂಗಿದ. ಕೂಗಿದಷ್ಟೂ ಜನ ಬಂದು ಹಿಡಿದುಕೊಂಡರು. ತೊಂಬತ್ತೊಂಬತ್ತು, ತೊಂಬತ್ತೊಂಬತ್ತು ಅಂದಾಗ ಒಬ್ಬಳು ಮುದುಕಿ ಅವನ ತಲೆಗೆ ನೀರು ತಟ್ಟಿದಳು. ಡಿಸ್ಕಿನ ಎಂಟನೇ ದಿನದ ಶಾಸ್ತ್ರ ಮುಗಿಯುವವರೆಗೆ ಇವನು ಸ್ಟುಡಿಯೊ ಕಡೆ ತಲೆ ಹಾಕಬಾರದು, ಮನೆಯಲ್ಲಿ ಮಲಗಲಿ, ಡಿಸ್ಕುಗಳ ಜವಾಬ್ದಾರಿಯನ್ನೆಲ್ಲ ಇನ್ನು ಮುಂದೆ ಟಾಚಿ ನೋಡಿಕೊಳ್ಳಲಿ ಅಂತ ಯಜಮಾನರು ಅಪ್ಪಣೆ ಮಾಡಿದರು. ಯಾರೋ ಅವನ ಹೆಗಲಿಗೆ ಕಪ್ಪು ಬಟ್ಟೆ ಹೊದಿಸಿದರು.

ಅಷ್ಟರಲ್ಲಿ ಶಾಮಿಯಾನದ ಮೇಲೆ ಪಟಪಟ ಸದ್ದಾಯಿತು. ಮೊದಲು ನಾಲ್ಕು ಹನಿ, ಆಮೇಲೆ ಬಿಂದಿಗೆ ಬೋರಲು ಹಾಕಿದ ಹಾಗೆ ಮಳೆ ಸುರಿಯಿತು.

"ನೋಡು, ಮಳೆ ಬಂತು," ಅಂದರು ಯಜಮಾನರು, ಅವನ ಬೆನ್ನು ಸವರುತ್ತ. "ನೆಮ್ಮದಿಯಾಗಿ ಹೋಯ್ತು ಅಂತ ಅರ್ಥ."

ಅಡೊಮಾಕೊ ಬೇವಿನ ಮರದ ದಿಕ್ಕಿಗೆ ನೋಡುತ್ತ ಬಿಕ್ಕಿ ಬಿಕ್ಕಿ ಅತ್ತ. ಸದ್ಯ ಹುಡುಗ ಒಪ್ಪಿಕೊಂಡ, ಇನ್ನು ಭಯವಿಲ್ಲ ಅಂತ ಎಲ್ಲರೂ ಸಮಾಧಾನಪಟ್ಟುಕೊಂಡರು.